ಹೆಸರಘಟ್ಟದ ಇಬ್ಬನಿ ಮತ್ತು ನಮ್ಮ ಸೂಪರ್‌ವೈಸರು

ಚಳಿಗಾಲದ ಭಾನುವಾರಗಳಲ್ಲಿ ನಮ್ಮ ಸೂಪರ್‌ವೈಸರರ ಸ್ವೆಟರಿನ ಎರಡೂ ಮೊಣಕೈ ಒದ್ದೆಯಾಗಿ, ಹುಲ್ಲಿನ ಬೀಜ ಮೆತ್ತಿಕೊಂಡಿರುತ್ತಿದ್ದವು. ವಾರವಿಡೀ ಯಶವಂತಪುರದ ಕಾರ್ಖಾನೆಯಲ್ಲಿ ಇಸ್ತ್ರಿ ಮುರಿಯದಂತೆ ಓಡಾಡುವ ಮನುಷ್ಯ, ಭಾನುವಾರ ಬೆಳಗಾದರೆ ಹೆಸರಘಟ್ಟದ ಹುಲ್ಲಿನಲ್ಲಿ ಬೋರಲು ಮಲಗಿರುತ್ತಿದ್ದರು. ಇಬ್ಬನಿ, ಜೇಡರ ಬಲೆ, ಚಳಿಗೆ ಮರಗಟ್ಟಿ ಕೂತ ಮಿಡತೆ, ಇವುಗಳ ಫೋಟೋ ತೆಗೆಯಲು. ಲೆನ್ಸನ್ನು ಹಿಂದುಮುಂದಾಗಿ ಕೂರಿಸಿದರೆ ಸಾಸಿವೆಯಷ್ಟು ಹನಿಯೂ ನೆಲ್ಲಿಕಾಯಿಯಷ್ಟು ಕಾಣುತ್ತದೆ. ಹಾಗೆ ಕೂರಿಸಲು ಬೇಕಾದ ಹಿತ್ತಾಳೆ ಬಳೆಯನ್ನು ಅವರೇ ಲೇತಿನಲ್ಲಿ ಕಡೆದುಕೊಂಡಿದ್ದರು.

"ನಮ್ ಸಾರು ಮಿಡತೆಗೂ ಹಾಜರಿ ತಗೊಳ್ತಾರೆ ಕಣೋ," ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಎಂಬತ್ತರ ದಶಕದ ಆರಂಭದ ಒಂದು ನವೆಂಬರಿನಲ್ಲಿ ಪಕ್ಕದ ಮಷೀನಿಗೆ ಸಿಕ್ಕಿ ಗೆಳೆಯನೊಬ್ಬನ ಎರಡು ಬೆರಳು ಹೋದವು. ನನ್ನ ಕಣ್ಣೆದುರೇ. ಅಂದಿನಿಂದ ನನ್ನ ಕೈ ನಡುಗತೊಡಗಿತು. ಕೂದಲೆಳೆಯಷ್ಟು ವ್ಯತ್ಯಾಸ ಅಳೆಯುವ ಕೆಲಸ ನನ್ನದು. ಮೈಕ್ರೋಮೀಟರ್ ಹಿಡಿದರೆ ಪ್ರತಿ ಸಲ ಬೇರೆ ಅಳತೆ ಬರುತ್ತಿತ್ತು. ತಿಂಗಳೊಳಗೆ ಸರಿಹೋಗದಿದ್ದರೆ ಗೋಡೌನಿಗೆ ಹಾಕುವುದಾಗಿ ಮ್ಯಾನೇಜರು ಹೇಳಿಬಿಟ್ಟರು. ನನಗೆ ಬರುತ್ತಿದ್ದುದು ಅದೊಂದೇ ವಿದ್ಯೆ, ಹೆದರಿಹೋದೆ.

"ಭಾನುವಾರ ಸ್ವೆಟರ್ ಹಾಕ್ಕೊಂಡು ಬರ್ರಿ," ಅಂದರು ಸೂಪರ್‌ವೈಸರು. ಧಾರವಾಡದ ಕಡೆಯವರು, ಪ್ರೀತಿಯಿಂದ ಕರೆದರೂ ಗದರಿದಂತೆ ಕೇಳುತ್ತಿತ್ತು.

ಊರಂಚಿನ ಸಿಂಗಾಪುರ ಹಳ್ಳಿಯ ನಮ್ಮ ಮನೆಯಿಂದ ಹೆಸರಘಟ್ಟಕ್ಕೆ ಸೈಕಲ್ಲು ತುಳಿದು ಹೋದೆ. ಅವರು ತಮ್ಮ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ರೀಲನ್ನೂ ನನ್ನಿಂದಲೇ ಹಾಕಿಸಿದರು.

"ಪೂರಾ ಉಸಿರು ಬಿಡ್ರಿ. ಬಿಟ್ಟ ಮ್ಯಾಲೆ ಒತ್ರಿ. ಕೈ ತಾಗಿದ್ರ ಹನಿ ಬೀಳ್ತದ."

ಮೊದಲ ಹನಿ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದರೊಳಗೆ ದೂರದ ನೀಲಗಿರಿ ಮರವೊಂದು ತಲೆಕೆಳಗಾಗಿ ನಿಂತಿತ್ತು. ಆಮೇಲೆ ನನಗೆ ಮಷೀನೂ ನೆನಪಿಲ್ಲ, ಬೆರಳೂ ನೆನಪಿಲ್ಲ. ಬಿಸಿಲೇರಿ ಮಿಡತೆಗಳು ಹಾರುವ ಹೊತ್ತಿಗೆ ಮೂವತ್ತಾರು ಫೋಟೋ ಮುಗಿಸಿದ್ದೆ.

ಸೋಮವಾರ ಅವರು ಮೊದಲು ನನ್ನ ಕೈಗೆ ಮೈಕ್ರೋಮೀಟರ್ ಕೊಟ್ಟರು. ಮೂರು ಸಲ ಅಳೆದೆ. ಮೂರು ಸಲವೂ ಒಂದೇ ಅಳತೆ.

"ಫೋಟೋ ಯಾವಾಗ್ ಬರ್ತವೆ ಸಾರ್?"

"ಒಂದೂ ಬರಂಗಿಲ್ಲ. ನೀವು ರೀಲನ್ನ ಒಳಗಿನ ಚಕ್ರದ ಹಲ್ಲಿಗೆ ಸಿಗಿಸೇ ಇರ್ಲಿಲ್ಲ. ರೀಲ್ ಸರಿದ್ರ ಎಡಗಡೆ ಗುಂಡಿ ತಿರುಗಬೇಕು. ಅದು ಅಲುಗಾಡ್ಲೇ ಇಲ್ಲ. ಮೂರನೇ ಫೋಟೋಕ್ಕ ನನಗ ಗೊತ್ತಾತು."

"ಹೇಳ್ಬಾರ್ದಾಗಿತ್ತಾ ಸಾರ್? ಬೆಳಗೆಲ್ಲ ಒದ್ದಾಡಿದ್ನಲ್ಲ!"

"ನಿಮ್ಮ ಕೈನಡುಕ ನಿಂತಿತ್ತು. ನಡುವ ಬಾಯಿ ಹಾಕಬಾರದು ಅಂತ ಸುಮ್ಮನಿದ್ದೆ."

ಎಲ್ಲಿಲ್ಲದ ಸಿಟ್ಟು ಬಂತು, ಮಧ್ಯಾಹ್ನದ ಊಟದ ಹೊತ್ತಿಗೆ ಹೋಯಿತು. ಕೆಲಸ ಉಳಿಯಿತು. ಮುಂದೆ ಹಳೆಯ ಕ್ಯಾಮೆರಾವೊಂದನ್ನು ಕೊಂಡೆ. ಅದಕ್ಕೂ ಅವರೇ ಬಳೆ ಕಡೆದುಕೊಟ್ಟರು. ಚಳಿಗಾಲ ಬಂತೆಂದರೆ ಇಬ್ಬರ ಮೊಣಕೈಯೂ ಒದ್ದೆ.

ನಿವೃತ್ತರಾದ ಮರುವರ್ಷದ ಜನವರಿಯಲ್ಲಿ ಅವರು ತೀರಿಕೊಂಡರು. ಆರ್.ಟಿ. ನಗರದ ಮನೆಯ ಮುಂದೆ ಮಲಗಿಸಿದ್ದರು. ಮಸಣಕ್ಕೆ ಹೊರಡುವ ಮುಂಚೆ ಮನೆಯವರೆಲ್ಲ ಸುತ್ತ ಕೂತು ಕೊನೆಯದೊಂದು ಫೋಟೋ ತೆಗೆಸುವುದು ಆಗಿನ ರೂಢಿ. ಸ್ಟುಡಿಯೋದವನು ಎಷ್ಟು ಹೊತ್ತಾದರೂ ಬರಲಿಲ್ಲ. "ನೀವ ತಗೀರಿ," ಅಂದರು ಅವರ ಹೆಂಡತಿ.

ಯಾರದೋ ಸ್ಕೂಟರಿನಲ್ಲಿ ಮನೆಗೆ ಹೋಗಿ ಕ್ಯಾಮೆರಾ ತಂದೆ. ರೀಲನ್ನು ಹಲ್ಲಿಗೆ ಸಿಗಿಸಿ, ಗುಂಡಿ ತಿರುಗಿದ್ದನ್ನು ಎರಡು ಸಲ ನೋಡಿದೆ. ಪೂರಾ ಉಸಿರು ಬಿಟ್ಟು ಒತ್ತಿದೆ. ಕೈ ನಡುಗಲಿಲ್ಲ. ಅತ್ತಿದ್ದು ಕ್ಯಾಮೆರಾವನ್ನು ಚೀಲದಲ್ಲಿಟ್ಟ ಮೇಲೆ.