ನನ್ನ ಕಾರಿನ ಏಸಿ, ಅವರ ಕಾರಿನ ತಂಪು

ನಮ್ಮ ಶಾಲೆ ರಾಯಬಾಗದ ಹತ್ತಿರದ ಒಂದು ಹಳ್ಳಿಯಲ್ಲಿದೆ. ನಾನೂ ನನ್ನ ಗೆಳತಿಯೂ ಚಿಕ್ಕೋಡಿಯಿಂದ ಹೋಗಿ ಬರುವವರು. ಅವಳು ಹಿಂದಿ ಕಲಿಸುತ್ತಾಳೆ, ನಾನು ಸಮಾಜ. ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿ ನಾನು ಡ್ರೈವಿಂಗ್ ಕಲಿತೆ, ಯಾರೋ ಓಡಿಸಿ ಬಿಟ್ಟ ಒಂದು ಸಣ್ಣ ಕಾರು ಕೊಂಡೆ. ಅಂದಿನಿಂದ ನನ್ನ ಪಕ್ಕದ ಸೀಟು ಅವಳದು. ಅವಳು ರಜೆ ಹಾಕಿದ ದಿನ ಆ ಸೀಟಿನ ಮೇಲೆ ನಾನು ನನ್ನ ಬ್ಯಾಗು ಕೂಡ ಇಡುತ್ತಿರಲಿಲ್ಲ.

ಗೆಳತಿ ಜೈನರವಳು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಚಳಿಗಾಲದಲ್ಲಿ ಸಂಜೆಯ ಕ್ಲಾಸು ಮುಗಿಸಿ ಹೊರಟರೆ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರು. ಒಂದೊಂದಕ್ಕೂ ಎರಡೆರಡು ಟ್ರೇಲರು. ಅವನ್ನೆಲ್ಲ ಹಿಂದೆ ಹಾಕಿ, ಸೂರ್ಯ ಇರುವಾಗಲೇ ಅವಳನ್ನು ಬಾಗಿಲಿಗೆ ಇಳಿಸುತ್ತಿದ್ದೆ. ಅವಳು ಕೈಕಾಲು ತೊಳೆದು ತಾಟಿನ ಮುಂದೆ ಕೂತಿರುತ್ತಾಳೆ ಎಂದುಕೊಳ್ಳುತ್ತ ಮನೆಗೆ ಹೋಗುವುದರಲ್ಲಿ ನನಗೊಂದು ಹೆಮ್ಮೆಯಿತ್ತು. ಆ ಕೆಲಸ ನನ್ನದು ಎಂದುಕೊಂಡಿದ್ದೆ.

ಹೋದ ಬೇಸಿಗೆಗೆ ಮುಂಚೆ ನಮ್ಮ ಶಾಲೆಗೆ ಗಣಿತದ ಟೀಚರ್, ನಮ್ಮ ಕಡೆಯ ಮಾತಿನಲ್ಲಿ ಬಾಯಾರು, ಒಬ್ಬರು ವರ್ಗವಾಗಿ ಬಂದರು. ಅವರೂ ಚಿಕ್ಕೋಡಿಯಲ್ಲೇ ಮನೆ ಮಾಡಿದರು. ಅವರೂ ಜೈನರು. ಅವರ ಕಾರು ಹೊಸದು, ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಸರಿಯಾಗಿ ಅದೇ ವೇಳೆಗೆ ನನ್ನ ಕಾರಿನ ಏಸಿ ಕೈಕೊಟ್ಟಿತು.

ಪೂರ್ತಿ ಕೆಟ್ಟಿದ್ದರೆ ಒಂದು ಮಾತು. ಖಾಲಿ ರಸ್ತೆಯಲ್ಲಿ ಜೋರಾಗಿ ಹೋಗುವಾಗ ತಣ್ಣಗೆ ಬರುತ್ತಿತ್ತು. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದು ನಿಂತರೆ ಒಲೆಯ ಬಾಯಿಂದ ಬಂದಂಥ ಬಿಸಿಗಾಳಿ. ಗಾಜು ಇಳಿಸಿದರೆ ಧೂಳು. ಗೆಳತಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಅವಳಿಗೆ ತಲೆ ಸುತ್ತಿ ಬಂತು, ದಾರಿಯಲ್ಲಿ ಇಳಿಸಿ ನೀರು ಕುಡಿಸಿದೆ. ಮರುದಿನ ಬೆಳಿಗ್ಗೆ ಅವಳ ಫೋನು ಬಂತು.

"ಇವತ್ತ ನೀ ಹೋಗು. ನಾ ಗಣಿತದ ಬಾಯಾರ ಗಾಡ್ಯಾಗ ಬರ್ತೀನಿ. ನಿನಗ ಸುಮ್ಮನ ಸುತ್ತ ಆಗ್ತೈತಿ."

ಅವಳ ಮನೆ ನನ್ನ ದಾರಿಯಲ್ಲೇ ಇದೆ. ಇಷ್ಟು ವರ್ಷ ಆಗದ ಸುತ್ತು ಅವತ್ತೊಂದು ದಿನ ಹೇಗೆ ಆಯಿತು?

ಆ ಒಂದು ದಿನ ಹಾಗೇ ಮುಂದುವರಿಯಿತು. ಅವರಿಬ್ಬರೂ ಆ ಕಾರಿನಿಂದ ಇಳಿದು ಬರುವುದನ್ನು ನೋಡಿದರೆ ನಾನು ನನ್ನ ಕಾರಿನ ಬಾಗಿಲನ್ನು ಜೋರಾಗಿ ಬಡಿದು ಮುಚ್ಚುತ್ತಿದ್ದೆ. ನನ್ನ ಕುಪ್ಪಸದ ಬೆನ್ನು ಬೆವರಿನಿಂದ ಒದ್ದೆ, ಅವರ ಮುಖದ ಪೌಡರು ಕೂಡ ಕದಡಿರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ ಎರಡು ಡಬ್ಬಿಗಳು ಪಕ್ಕ ಪಕ್ಕ ತೆರೆಯುತ್ತಿದ್ದವು. ಅವಳ ಜೊತೆ ಉಣ್ಣುವ ದಿನ ನಾನೂ ಹಾಗೇ ಅಡುಗೆ ಮಾಡಿ ತರುತ್ತಿದ್ದೆನಲ್ಲ? ನಮ್ಮದು ಬೌದ್ಧರ ಮನೆ. 'ಏನೇ ಆದರೂ ಅವರು ಅವರು ಒಂದೇ' ಎಂಬ ಕೆಟ್ಟ ಮಾತೂ ಮನಸ್ಸಿನಲ್ಲಿ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು, ಆದರೆ ಅದು ಹೋಗಲಿಲ್ಲ. ಕೊನೆಗೆ ಎಲ್ಲ ಸಿಟ್ಟನ್ನೂ ಏಸಿಯ ಮೇಲೆ ಹಾಕಿದೆ. ಅದು ಸರಿಯಾದರೆ ಅವಳು ಬರುತ್ತಾಳೆ.

ಚಿಕ್ಕೋಡಿಯ ಒಂದು ಗ್ಯಾರೇಜಿನವನು ಬಾನೆಟ್ ಎತ್ತುವ ಮೊದಲೇ, "ಗ್ಯಾಸ್ ಕಡಿಮಿ ಆಗಿರ್ತೈತ್ರಿ" ಎಂದು ಗ್ಯಾಸು ತುಂಬಿದ. ನಿಪ್ಪಾಣಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆ. ಚೆನ್ನಾಗಿ ತಣ್ಣಗಾಯಿತು. ಮರುದಿನ ಖುಷಿಯಿಂದ ಗೆಳತಿಯ ಮನೆಯ ಮುಂದೆ ಹಾರ್ನ್ ಹೊಡೆದೆ. ಅವಳ ಅತ್ತೆ ಹೊರಗೆ ಬಂದರು.

"ಆ ಬಾಯಾರು ಬಂದು ಕರ್ಕೊಂಡು ಹ್ವಾದ್ರಲ್ಲ ತಂಗಿ. ನಿನಗ ಹೇಳಿಲ್ಲನು?"

"ಹೇಳ್ಯಾಳ್ರಿ, ನನಗ ಮರೆತಿತ್ತು" ಎಂದು ಸುಳ್ಳು ಹೇಳಿ ಕಾರು ತಿರುಗಿಸಿದೆ. ಊರು ದಾಟಿದ ಮೇಲೆ ಒಂದು ಟ್ರ್ಯಾಕ್ಟರು ಪಂಕ್ಚರಾಗಿ ರಸ್ತೆಗೆ ಅಡ್ಡ ನಿಂತಿತ್ತು. ಅಲ್ಲಿ ನಿಂತೆ. ಏಸಿಯಿಂದ ಮೊದಲಿಗಿಂತ ಹೆಚ್ಚು ಬಿಸಿ ಗಾಳಿ ಬಂತು.

ಅದೇ ವಾರ ಒಂದು ಸಂಜೆ ಶಾಲೆ ಬಿಟ್ಟಿತ್ತು. ಗಣಿತದ ಟೀಚರ್ ಹೆಡ್ಮಾಸ್ತರ ಕೋಣೆಯಲ್ಲಿದ್ದರು. ಬೇವಿನ ಮರದ ಕೆಳಗೆ ಅವರ ಕಾರು ಚಾಲೂ ಇತ್ತು, ಗೆಳತಿ ಅದರೊಳಗೆ ಗಾಜು ಏರಿಸಿಕೊಂಡು ತಂಪಾಗಿ ಕೂತಿದ್ದಳು. ನಾನು ಪಕ್ಕದಲ್ಲೇ ನನ್ನ ಕಾರಿನಲ್ಲಿ, ಗಾಜು ಇಳಿಸಿ, ಉತ್ತರ ಪತ್ರಿಕೆ ನೋಡುವ ನಟನೆ ಮಾಡುತ್ತ ಕೂತಿದ್ದೆ. ನಿಜವಾಗಿ ನೋಡುತ್ತಿದ್ದುದು ಅವಳನ್ನೇ. ಫೋನಿನಲ್ಲಿ ಏನೋ ಓದಿ ನಗುತ್ತಿದ್ದಳು.

ಹಾಗೆ ಹೊಟ್ಟೆ ಉರಿಸಿಕೊಳ್ಳುತ್ತಿರುವಾಗಲೇ ಆ ಸದ್ದು ಕೇಳಿತು. ಹೊಸ ಕಾರಿನ ಮೂತಿಯೊಳಗೆ 'ಗರ್ರ್' ಎಂದು ಒಂದು ಫ್ಯಾನು ತಿರುಗತೊಡಗಿತು, ಸ್ವಲ್ಪ ಹೊತ್ತಿಗೆ ನಿಂತಿತು, ಮತ್ತೆ ತಿರುಗಿತು. ನಿಂತ ಗಾಡಿಗೆ ಗಾಳಿ ಕೊಡುವುದು ಅದೇ ಇರಬೇಕು! ನನ್ನ ಕಾರಿನಲ್ಲಿ ಈ ಸದ್ದು ಕೊನೆಯ ಸಲ ಕೇಳಿದ್ದು ಯಾವಾಗ? ಕಾರು ಚಾಲೂ ಮಾಡಿ ಏಸಿ ಹಾಕಿದೆ. ಟಕ್ ಎಂದಿತು, ಎಂಜಿನ್ ಸ್ವಲ್ಪ ಕುಗ್ಗಿತು, ಆಮೇಲೆ ಆ 'ಗರ್ರ್' ಇಲ್ಲ. ಇಳಿದು ಬಾನೆಟ್ ಎತ್ತಿದೆ. ಎರಡು ಫ್ಯಾನುಗಳಲ್ಲಿ ಒಂದು ತಿರುಗುತ್ತಿತ್ತು, ಇನ್ನೊಂದು ಧೂಳು ಹೊದ್ದು ಸುಮ್ಮನಿತ್ತು.

ಗೆಳತಿ ಗಾಜು ಇಳಿಸಿದಳು. "ಏನಾತು?"

"ಏನಿಲ್ಲ" ಎಂದೆ. ಅವಳಿಗೆ ಹೇಳುವ ಮನಸ್ಸಾಗಲಿಲ್ಲ.

ಭಾನುವಾರ ಗಂಡನನ್ನು ಕರೆದುಕೊಂಡು ನಿಪ್ಪಾಣಿಯಲ್ಲಿ ಕಾರಿನ ಏಸಿ ಕೆಲಸವನ್ನೇ ಮಾಡುವವರ ಹತ್ತಿರ ಹೋದೆ. "ಎರಡನೇ ಫ್ಯಾನ್ ತಿರುಗವಲ್ದು" ಎಂದು ನಾನೇ ಹೇಳಿದೆ. ಮೇಸ್ತ್ರಿ ಬ್ಯಾಟರಿಯಿಂದ ನೇರ ವೈರು ಕೊಟ್ಟು ನೋಡಿದರು. ಫ್ಯಾನು ಅಲುಗಲಿಲ್ಲ.

"ಬರೋಬರ್ ಹೇಳಿದ್ರಿ ವೈನಿ. ಮೋಟರ್ ಸುಟ್ಟೈತಿ. ಮ್ಯಾಲ ಗ್ಯಾಸ್ ಬ್ಯಾರೆ ಜಾಸ್ತಿ ತುಂಬ್ಯಾರ. ನಿಂತಾಗ ಇದಕ್ಕ ಗಾಳಿ ಎಲ್ಲಿಂದ ಬರಬೇಕು?"

ರೇಡಿಯೇಟರಿನ ಮುಂದಿನ ಜಾಲರಿಗೆ ನೀರು ಬಿಟ್ಟಾಗ ಕಬ್ಬಿನ ಒಣ ರವದಿ ಎಲೆಯ ಚೂರು, ಹುಳ, ಸಕ್ಕರೆ ಕಾರ್ಖಾನೆಯ ಬೂದಿ ಎಲ್ಲ ಕಪ್ಪು ರಾಡಿಯಾಗಿ ಇಳಿದವು. ಮೋಟರು ಬದಲಾಯಿತು, ಹೆಚ್ಚಿನ ಗ್ಯಾಸು ತೆಗೆದರು. ಕಾರನ್ನು ಬಿಸಿಲಿನಲ್ಲೇ ನಿಲ್ಲಿಸಿ ಏಸಿ ಹಾಕಿ ಕೂತೆವು. ಫ್ಯಾನು ಗರ್ರ್ ಎಂದಿತು. ಸ್ವಲ್ಪ ಹೊತ್ತಿಗೆ ಗಂಡ, "ಸಾಕ್ ಬಿಡ, ಮೂಗು ಸೋರಾಕತ್ತೈತಿ" ಎಂದರು. ನಾನು ಬಂದ್ ಮಾಡಲಿಲ್ಲ. ಮದುವೆಯಾದ ಹೊಸದರಲ್ಲೂ ಅಷ್ಟು ಸಂತೋಷದಿಂದ ಅವರ ಪಕ್ಕ ಕೂತಿರಲಿಲ್ಲವೇನೋ.

ಸೋಮವಾರ ಬೆಳಿಗ್ಗೆ ಆ ಹೊಸ ಕಾರು ಬರುವ ಮೊದಲೇ ಗೆಳತಿಯ ಬಾಗಿಲಲ್ಲಿದ್ದೆ. ಅವಳು ಗಣಿತದ ಟೀಚರಿಗೆ ಫೋನು ಮಾಡಿ ಹೇಳಿ, ಬಂದು ಕೂತಳು. ದಾರಿಯಲ್ಲಿ ಟ್ರ್ಯಾಕ್ಟರು ಸಿಕ್ಕಲಿ ಎಂದು ಹಾರೈಸಿದೆ, ಸಿಕ್ಕಿತು. ಅದರ ಹಿಂದೆ ನಿಂತೆವು. ತಣ್ಣನೆಯ ಗಾಳಿ ಹಾಗೇ ಬರುತ್ತಿತ್ತು.

"ನೋಡಿದೆನು? ಈಗ ನಿಂತ್ರೂ ಥಂಡ ಐತಿ" ಎಂದೆ.

ಅವಳು ನನ್ನ ಕಡೆ ತಿರುಗಿದಳು. "ನಾ ಏಸಿ ಸಂಬಂಧ ಅವರ ಗಾಡಿ ಹತ್ತಿದ್ದೆ ಅಂದ್ಕೊಂಡಿ?"

"ಮತ್ತ?"

"ನಮ್ಮ ಹುಡುಗಿಗಿ ಅವರ ಅಣ್ಣನ ಮಗನ್ನ ನೋಡಾಕತ್ತೇವಿ. ಕಾಗವಾಡದಾಗ ದ್ರಾಕ್ಷಿ ತೋಟ ಅದಾವು. ಹೋಗ್ತಾ ಬರ್ತಾ ಮಾತಾಡಾಕ ಆಗ್ತಿತ್ತು. ಪಕ್ಕಾ ಆಗೋತನಕ ಯಾರಿಗೂ ಹೇಳಬ್ಯಾಡ ಅಂದ್ರು ಅತ್ತಿ."

ಟ್ರ್ಯಾಕ್ಟರು ಮುಂದೆ ಹೋದದ್ದು ನನಗೆ ಗೊತ್ತಾಗಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. 'ಯಾರಿಗೂ' ಎಂಬುದರಲ್ಲಿ ನಾನೂ ಇದ್ದೆ. ನನ್ನ ಮಗ ಪರೀಕ್ಷೆಗೆ ಕೂತದ್ದು, ನಪಾಸಾದದ್ದು, ಮನೆ ಬಿಟ್ಟು ಎರಡು ದಿನ ಮಿರಜಿನಲ್ಲಿ ಕೂತದ್ದು ಎಲ್ಲವನ್ನೂ ಇದೇ ಸೀಟಿನಲ್ಲಿ ಕೂತು ಮೊದಲು ಕೇಳಿದವಳು ಇವಳು. ಇವಳ ಮಗಳನ್ನು ನಾನು ಎತ್ತಿ ಆಡಿಸಿದ್ದೆ. ಬೇರೆ ಕಾರಿನ ಮೇಲಿದ್ದ ಹೊಟ್ಟೆಕಿಚ್ಚು ತಡೆದುಕೊಳ್ಳಬಹುದಿತ್ತು. ಇದು ಅದಕ್ಕಿಂತ ಆಳಕ್ಕೆ ಇಳಿಯಿತು.

"ಪಕ್ಕಾ ಆತೇನ?" ಎಂದೆ, ರಸ್ತೆ ನೋಡುತ್ತ.

"ನಿನ್ನೆ ಆತು. ಇವತ್ತ ನಿನಗ ಮದಲ ಹೇಳಾಕತ್ತೀನಿ." ನನ್ನ ತೋಳು ಹಿಡಿದಳು. "ಸಿಟ್ಟಾಗಬ್ಯಾಡ. ಸಾಕರಪುಡಾಕ್ಕ ನೀನ ಗಾಡಿ ನಡಸ್ಬೇಕು. ನಮ್ಮ ಅತ್ತಿ ಬ್ಯಾರೆ ಗಾಡಿ ಹತ್ತೂದಿಲ್ಲಂತ."

ಸಕ್ಕರೆ ಇಟ್ಟು ನಿಶ್ಚಯ ಮಾಡುವ ಆ ದಿನ ಅವಳ ಅತ್ತೆ, ಮದುಮಗಳು, ಗೆಳತಿ ಮೂವರನ್ನೂ ಕೂರಿಸಿಕೊಂಡು ಹೊರಟೆ. ಅಂಕಲಿ ದಾಟಿ ಕೃಷ್ಣೆಯ ಸೇತುವೆ ಹತ್ತಿದಾಗ ಅತ್ತೆ ನದಿಗೆ ಕೈಮುಗಿದು, "ಈ ಗಾಡ್ಯಾಗ ಕುಂತ್ರ ಜೀವ ಹಗರ ಆಗ್ತೈತಿ ನೋಡವಾ" ಎಂದರು. ನಾನು ಉಬ್ಬಿದೆ. ಆದರೆ ಕಾಗವಾಡದ ಮನೆಯ ಅಂಗಳದಲ್ಲಿ ಗೆಳತಿಯೂ ಗಣಿತದ ಟೀಚರೂ ಒಬ್ಬರಿಗೊಬ್ಬರು ಕುಂಕುಮ ಹಚ್ಚಿ ನಕ್ಕಾಗ ಮತ್ತೆ ಅದೇ ಹೊಟ್ಟೆಕಿಚ್ಚು. ಅವರು ಇನ್ನು ಬೀಗರು. ನಾನು ಬರೀ ಗೆಳತಿ.

ಮರಳಿ ಬರುವಾಗ ಗಣಿತದ ಟೀಚರ್ ತಮ್ಮ ಕಾರನ್ನು ನೆಂಟರಿಗೆ ಬಿಟ್ಟುಕೊಟ್ಟು, ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತರು. ಗೆಳತಿ ತಾನಾಗಿ ಹಿಂದೆ ಹೋದಳು. ಊರು ದಾಟುವಷ್ಟರಲ್ಲಿ ಅವರು ಸೆರಗು ಹೊದ್ದರು.

"ಬಾಯಾರ, ಏಸಿ ಸ್ವಲ್ಪ ಕಡಿಮಿ ಮಾಡ್ತೀರೇನ್ರಿ? ಬಾಳ ಥಂಡಿ ಐತಿ."

"ಇದರ ಬಟನ್ ಸ್ವಲ್ಪ ಬಿಗಿ ಐತ್ರಿ, ಗಾಡಿ ನಿಂತ ಮ್ಯಾಲ ಮಾಡ್ತೀನಿ" ಎಂದು ಸುಳ್ಳು ಹೇಳಿದೆ. ಅಂಕಲಿಯವರೆಗೆ ಎಲ್ಲಿಯೂ ನಿಲ್ಲಿಸಲಿಲ್ಲ. ಹಿಂದಿನ ಸೀಟಿನಲ್ಲಿ ಗೆಳತಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಅಂಕಲಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವಳು ಮುಂದೆ ಬಗ್ಗಿ ತಾನೇ ಬಟನ್ ತಿರುಗಿಸಿದಳು, "ಇನ್ ಸಾಕ್ ಬಿಡಲೇ" ಎಂದಳು.