ಅಚ್ಚಿಗೆ ಹೋಗದ ಪುಸ್ತಕ

ನಮ್ಮ ಮೇಡಂ ಅವರ ಹಿಮ್ಮಡಿಗಳು ಒಡೆದು ಸೀಳು ಬಿಟ್ಟಿದ್ದವು. ಇಸ್ತ್ರಿ ಮಾಡಿದ ಕಾಟನ್ ಸೀರೆಯ ಅಂಚಿನ ಕೆಳಗೆ, ಕೆಸರು ಕೂತು ಕಪ್ಪಾದ ಆ ಬಿರುಕುಗಳು ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದವು. ಬಳ್ಳಾರಿಯಲ್ಲಿ ಮಾನವಶಾಸ್ತ್ರ ಕಲಿಸುವವರಿಗೆ ಇಂಥ ಕಾಲು ಹೇಗೆ ಬಂತು ಎಂದು ನನಗೆ ಆಗ ಗೊತ್ತಿರಲಿಲ್ಲ. ನಾಟಿ ಶುರುವಾಯಿತೆಂದರೆ ಅವರು ಸಿರುಗುಪ್ಪದ ಬಸ್ಸು ಹತ್ತಿ, ಅಲ್ಲಿಂದ ಕರೂರಿಗೆ ಹೋಗಿ, ಕೂಲಿ ಹೆಂಗಸರ ಜೊತೆ ಗದ್ದೆಗಿಳಿಯುತ್ತಿದ್ದರು. ಬದುವಿನ ಮೇಲೆ ನಿಂತು ಪ್ರಶ್ನೆ ಕೇಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಕುರುಗೋಡಿನಿಂದ ದಿನಾ ಬಂದು ಹೋಗುತ್ತಿದ್ದ ನಾನು ಅವರ ಬಳಿ ಸಂಶೋಧನೆಗೆ ಸೇರಿದ್ದೆ. ಡಬ್ಬಿಯ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟು, ನಾನು ಬರೆದದ್ದನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ತೊಡಕಿನ ವಾಕ್ಯ ಬಂದರೆ ತಡೆಯುತ್ತಿದ್ದರು.

"ಇದನ್ನ ಯಾರಿಗೆ ಬರದಿಯವ್ವ? ಯಾರ ಬಗ್ಗೆ ಬರೀತೀವಿ, ಅವರಿಗೆ ತಿಳೀಬೇಕು. ಇಲ್ಲಾಂದ್ರ ಅದು ಹಿಂದಿಂದ ಚಾಡಿ ಹೇಳಿದಂಗ."

ಹಾಗೆಂದೇ ಅವರು ಕನ್ನಡದಲ್ಲೇ ಬರೆದರು. ಅದೇ ಅವರಿಗೆ ಮುಳುವಾಯಿತು.

ಕರೂರಿನಲ್ಲಿ ಅವರ ಪಕ್ಕದಲ್ಲೇ ನಾಟಿ ಮಾಡುತ್ತಿದ್ದ ಒಬ್ಬಾಕೆ, ತನ್ನ ಕೂಸು ತೀರಿಕೊಂಡ ಸಂಗತಿ ಹೇಳಿಕೊಂಡಿದ್ದಳು. ಜ್ವರ ಏರಿದರೂ, ಹೆಣ್ಣು ಕೂಸಿಗೆ ದವಾಖಾನೆ ಯಾಕೆ ಎಂದು ಅತ್ತೆ ತಡೆದಿದ್ದಳಂತೆ. ಮೇಡಂ ಬರೆಯುತ್ತಿದ್ದ ಪುಸ್ತಕ ಆಕೆಯ ಬದುಕಿನ ಸುತ್ತಲೇ ಬೆಳೆಯಿತು. ಅದರ ಒಂದು ಭಾಗವನ್ನು, ಹೆಸರು ಬದಲಿಸಿ, ಪತ್ರಿಕೆಯೊಂದರ ಪುರವಣಿಗೆ ಕೊಟ್ಟರು. ಮನೆಯ ಮುಂದಿನ ಬಾವಿ, ಅತ್ತೆಯ ಕುಂಟು ಕಾಲು ಬರಹದಲ್ಲಿ ಹಾಗೇ ಉಳಿದಿದ್ದವು. ಊರಿನ ಚಹಾದಂಗಡಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಅದು ಯಾರ ಮನೆಯೆಂದು ಎಲ್ಲರಿಗೂ ತಿಳಿದುಹೋಯಿತು. ಮನೆಯ ಮಾನ ಕಳೆದಳೆಂದು ಗಂಡ, ಮಗನನ್ನು ಇಟ್ಟುಕೊಂಡು ಆಕೆಯನ್ನು ಹೊರಗೆ ಹಾಕಿದ.

ಆಕೆ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಳೆಂದು ತಿಳಿದು ಮೇಡಂ ಹೊರಟಾಗ ನಾನೂ ಜೊತೆಗಿದ್ದೆ. ತಲೆಗೂದಲಿಗೆ ತೌಡು ಮೆತ್ತಿದ್ದ ಆಕೆ ಗೇಟಿನ ಬಳಿ ಬಂದು ನಿಂತಳು. ಮೇಡಂ ಕೈಮುಗಿದರು.

"ತಪ್ಪಾತವ್ವ. ನಾ ಅದನ್ನ ಬರೀಬಾರದಿತ್ತು."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಬರೆದದ್ದು ಖರೇನ ಐತ್ರಿ ಅಕ್ಕಾರ. ಆದ್ರ ನಾ ನಿಮಗ ಹೇಳಿದ್ದೆ. ಊರಿಗೆ ಹೇಳಿದ್ದಿಲ್ಲ."

ಅಲ್ಲಿಂದ ಕರೂರಿಗೂ ಹೋದೆವು. ಗಂಡನ ಮನೆಯವರು ಬಾಗಿಲು ತೆರೆಯಲಿಲ್ಲ.

ಪುಸ್ತಕ ಹೆಚ್ಚುಕಡಿಮೆ ಮುಗಿದಿತ್ತು. ಮೇಡಂ ಅದನ್ನು ಮತ್ತೆ ಮುಟ್ಟಲಿಲ್ಲ. ಪುಸ್ತಕವಿಲ್ಲದೆ ಬಡ್ತಿಯೂ ತಪ್ಪಿತು. ಯಾರಾದರೂ ಕೇಳಿದರೆ "ಬರೆಯಾಕ ಕೈ ಏಳವಲ್ದು" ಎನ್ನುತ್ತಿದ್ದರು. ಪಾಠ ಮಾತ್ರ ಬಿಡಲಿಲ್ಲ. ನನ್ನ ಪ್ರಬಂಧದ ಪ್ರತಿ ಪುಟಕ್ಕೂ ಈಗ ಅವರದು ಬೇರೆಯೇ ಪ್ರಶ್ನೆ. "ಅವರ ಮುಂದ ಕುಂತು ಓದಿ ಹೇಳಿದೇನು? ಹೂಂ ಅಂದ್ರೇನು?" ಕುರುಗೋಡಿನ ಅಜ್ಜನೊಬ್ಬ ತನ್ನ ತಮ್ಮನ ವಿಷಯವನ್ನು ಪ್ರಬಂಧದಿಂದ ತೆಗೆದುಹಾಕು ಎಂದಾಗ, ಒಂದು ಅಧ್ಯಾಯವೇ ಹೋಗುತ್ತದೆ ಎಂದು ನಾನು ಗೋಳಾಡಿದೆ. "ಹೋಗಲಿ ಬಿಡು," ಎಂದರು. "ಅಜ್ಜ ನಾಳೆನೂ ಆ ಓಣ್ಯಾಗ ತಿರುಗಾಡಬೇಕು."

ಕಳೆದ ವರ್ಷ ಮೇಡಂ ತೀರಿಕೊಂಡರು. ಕಿಡ್ನಿ ಕೈಕೊಟ್ಟಿತ್ತು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು, ಕೊನೆಗೆ ಮಾತೂ ನಿಂತಿತ್ತು. ಅವರ ನೆನಪಿಗೆ ಆ ಪುಸ್ತಕವನ್ನು ಅಚ್ಚು ಹಾಕಿಸಬೇಕೆಂದು ಸಹೋದ್ಯೋಗಿಗಳು ನಿರ್ಧರಿಸಿ, ತಿದ್ದುವ ಕೆಲಸ ನನಗೆ ಒಪ್ಪಿಸಿದರು. ಆಕೆಯ ಭಾಗವನ್ನು ತೆಗೆದರೆ ಅದರಲ್ಲಿ ಏನೂ ಉಳಿಯುವಂತಿರಲಿಲ್ಲ. ಆಕೆಯನ್ನೇ ಕೇಳಲು ನಾನು ಸಿರುಗುಪ್ಪಕ್ಕೆ ಹೋದೆ.

ಮೇಡಂ ತೀರಿಕೊಂಡ ಸುದ್ದಿಯನ್ನು ಆಕೆಗೆ ಹೇಳಿದೆ. "ಅಕ್ಕಾರು ಬಾಳ ನರಳಿದ್ರೇನು?" ಎಂದಳು. ಹೌದೆಂದೆ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಪುಸ್ತಕದ ಮಾತೆತ್ತಿದೆ.

"ಬ್ಯಾಡವ್ವ. ಮಗ ಈಗೀಗ ಹಬ್ಬಕ್ಕ ಮನಿಗೆ ಕರಿಯಾಕ ಹತ್ಯಾನ. ಅಕ್ಕಾರು ಹೋದ್ರು. ನಾ ಇನ್ನೂ ಅದೀನಿ."

ಬಳ್ಳಾರಿಗೆ ಬಂದು ಆಗುವುದಿಲ್ಲ ಎಂದೆ. ಸತ್ತವರ ದುಡಿಮೆಯನ್ನು ಮಣ್ಣು ಮಾಡಿದೆ ಎಂದು ಹಿರಿಯರೊಬ್ಬರು ಎಲ್ಲರೆದುರು ಬೈದರು. ಈಗ ನಾನೂ ಪಾಠ ಮಾಡುತ್ತೇನೆ. ಮೇಡಂ ಬರೆದ ಪುಸ್ತಕ ಯಾವುದಾದರೂ ಇದೆಯೇ ಎಂದು ಹೊಸ ವಿದ್ಯಾರ್ಥಿಗಳು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.