ಬೀಗರ ಊಟದಲ್ಲಿ ಸನ್ಮಾನ

ನಾನು ನಿಂತಿದ್ದದ್ದು ಅರಕಲಗೂಡಿನ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ, ಕೈ ತೊಳೆಯುವ ನಲ್ಲಿಗಳ ಎಡಕ್ಕೆ. ಕಳೆದ ವರ್ಷ, ಒಂದು ಬುಧವಾರದ ಮಧ್ಯಾಹ್ನ. ಎರಡನೇ ಪಂಕ್ತಿಗೆ ಮುದ್ದೆ ಬಡಿಸಿ ಆಗಿತ್ತು, ಸಾರು ಅರ್ಧ ಸಾಲಿಗೆ ಬಂದಿತ್ತು. ಇದನ್ನು ಸರಿಯಾಗಿ ಹೇಳಬೇಕು, ಏಕೆಂದರೆ ಆಮೇಲೆ ಸಾರಿನ ಬಕೆಟ್ಟು ಬಹಳ ಹೊತ್ತು ಅಲ್ಲೇ ನಿಂತಿತು.

ಅಕ್ಕನ ಮಗಳ ಮದುವೆಯಾದ ಮೇಲೆ ಗಂಡಿನ ಕಡೆಯವರು ಕೊಟ್ಟ ಬೀಗರ ಊಟ ಅದು. ಭಾವ ಯುಗಾದಿಯಿಂದ ಕುಡಿತ ಬಿಟ್ಟಿದ್ದರು. ಪ್ರತಿ ಭಾನುವಾರ ಹಾಸನದಲ್ಲಿ, ಕುಡಿತ ಬಿಟ್ಟವರು ಕೂತು ಮಾತಾಡುವ ಸಭೆಗೆ ಹೋಗುತ್ತಿದ್ದರು. ಮದುವೆ ಮುಗಿದು ಚಪ್ಪರ ಬಿಚ್ಚಿದ ಸಂಜೆ ಕುಡಿದುಬಿಟ್ಟರು. ಅವರ ಊರಾದ ಹಳೇಕೋಟೆಯಿಂದ ಈ ಊಟಕ್ಕೆ ಬರುವಾಗ ಬಸ್ಸಿನಲ್ಲಿ ನನಗೊಬ್ಬನಿಗೇ ಹೇಳಿದರು: "ಇನ್ ಸಭೆಗೋಗಲ್ಲ ಕಣ್ಲಾ. ನನ್ ಕೈಲಾಗಲ್ಲ ಅಂತ ಗೊತ್ತಾಯ್ತಲ್ಲ, ಸುಮ್ನೆ ಬಸ್ ಚಾರ್ಜ್ ದಂಡ."

ಅಷ್ಟರಲ್ಲಿ ಬೀಗರು, ಅಂದರೆ ಹುಡುಗನ ಅಪ್ಪ, ಮೈಕು ಹಿಡಿದರು. "ನಮ್ ಬೀಗ್ರು ಅದ್ಯಾವ್ದೋ ಸಭೆಗೋಗಿ ಎಣ್ಣೆ ಬುಟ್ಟವ್ರೆ. ಅದ್ಕೊಂದು ಸನ್ಮಾನ." ಮೈಸೂರು ಪೇಟ, ಶಾಲು, ಹಾರ ಎಲ್ಲ ತರಿಸಿಟ್ಟಿದ್ದರು. ಭಾವ ಬೇಡವೆನ್ನುವುದರೊಳಗೆ ಪೇಟ ಹುಬ್ಬಿನವರೆಗೆ ಇಳಿಯಿತು. ಅವರು ಮೈಕು ಈಸಿಕೊಂಡು ಹೇಳಿದರು:

"ನಾನ್ ಓದ್ವಾರ ಕುಡ್ದಿವ್ನಿ. ಇದೆಲ್ಲ ನಂಗ್ಬ್ಯಾಡ."

ಸಾರು ನಿಂತದ್ದು ಆಗ. ಭಾವ ಶಾಲು ತೆಗೆಯಲು ಹೋದರು, ಬೀಗರು ಬಿಡಲಿಲ್ಲ. ಹೊದಿಸಿದ್ದನ್ನು ವಾಪಸ್ ಪಡೆದರೆ ಅವಮಾನ ಯಾರಿಗೆ ಎಂದು ಇಬ್ಬರಿಗೂ ತಿಳಿಯದೆ ಶಾಲಿನ ಒಂದೊಂದು ತುದಿ ಹಿಡಿದು ನಿಂತರು.

ಮೊದಲ ಎಲೆಯ ಮುಂದೆ ಕೂತಿದ್ದ ಬೀಗರ ತಾಯಿ ಕೇಳಿದಳು: "ಯುಗಾದಿಯಿಂದ ಓದ್ವಾರದ್ ಗಂಟ ಬುಟ್ಟಿದ್ದಾ?"

"ಊಂ ಕಣವ್ವ."

"ದಾರಿ ಗೊತ್ತೈತಲ್ಲ, ಮತ್ತೆ ಬುಡು. ನನ್ ಮಗನ್ನ ನೋಡು, ಶಾಲು ಹೊದ್ಸಕ್ ಬಂದೋನೇ ನೆಟ್ಟಗ್ ನಿಂತಿಲ್ಲ."

ಹಾಲಿಗೆ ಹಾಲೇ ನಕ್ಕಿತು. ಬೀಗರು ನಗಲಿಲ್ಲ. ಭಾವನ ಕಿವಿಯ ಹತ್ತಿರ ಬಾಗಿ, ಮೈಕು ಆರಿಸುವುದನ್ನು ಮರೆತು, ಕೇಳಿದರು: "ಆ ಸಭೆ ಎಲ್ಲೈತೆ ಬೀಗ್ರೆ? ನಾನೂ ಬತ್ತೀನಿ."

ಬೀಗರು ಬರುತ್ತೇನೆಂದರೆ ಬೇಡ ಎನ್ನುವ ರೂಢಿ ನಮ್ಮಲ್ಲಿಲ್ಲ. ಭಾನುವಾರ ಬೆಳಿಗ್ಗೆ ಭಾವ ಗೊಣಗುತ್ತಲೇ ಶರ್ಟು ಹಾಕಿಕೊಂಡರು. "ಹೆಣ್ ಕೊಟ್ಟಿವ್ನಿ. ಬೀಗ್ರನ್ನ ಬಸ್ ಸ್ಟ್ಯಾಂಡಲ್ಲಿ ಕಾಯ್ಸಕ್ಕಾಯ್ತದಾ?"

ಜೊತೆಗೆ ನಾನೂ ಹೋದೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬೀಗರು ಮೊದಲ ಸಲ ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣು, ವೀಳ್ಯದೆಲೆ, ಒಂದು ಮೊಳ ಮಲ್ಲಿಗೆ ಹಿಡಿದು ನಿಂತಿದ್ದರು.

"ಹೆಣ್ ನೋಡಕ್ ಬಂದಂಗ್ ಬಂದಿದ್ದೀರಲ್ಲ," ಎಂದರು ಭಾವ.

"ನೀವೇ ಮುಂದೆ ನಡೀರಿ ಬೀಗ್ರೆ. ನಂಗ್ ಭಯ ಆಯ್ತದೆ."

ಭಾವ ಮುಂದೆ ನಡೆದರು. ಅದನ್ನೂ ನಾನು ನೋಡಿದೆ.

ಊಟದ ಹಾಲಿನಲ್ಲಿ ನಡೆದದ್ದಕ್ಕೆ ನನ್ನ ಮಾತು ಸಾಲದಿದ್ದರೆ, ಅಲ್ಲಿದ್ದ ಇವರನ್ನೂ ಕೇಳಬಹುದು: ಹಳೇಕೋಟೆಯಲ್ಲಿ ಅಕ್ಕ, ಅರಕಲಗೂಡಿನಲ್ಲಿ ಅವಳ ಮಗಳು, ಅಳಿಯ, ಮತ್ತೆ ಆ ಅಜ್ಜಿ. ಅವಳ ಕಿವಿ ಈಗ ಸ್ವಲ್ಪ ಮಂದ. ನಾಲಿಗೆ ಹಾಗೇ ಇದೆ.